ಉಣ್ಣುವ ಬಾಯಿಂದ

ನಮ್ಮ ಕಂಪನಿಯ ತತ್ವ ಒಂದೇ ಸಾಲು.
ಸ್ಥಾಪಕ ತಾಮಾಕಿ ಗೆನ್‌ಪೆಯ್ ಕುಂಚದಲ್ಲಿ ಬರೆದು
ಹಾಜರಿ ಯಂತ್ರದ ಮೇಲೆ ತೂಗುಹಾಕಿದ್ದು:
'ಉಣ್ಣುವ ಬಾಯಿಂದ ಶುರುಮಾಡು.'
ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ
ಅರವತ್ತೆರಡು ಮಂದಿ ಸಾಲಾಗಿ ನಿಂತು ಒಟ್ಟಿಗೆ ಹೇಳುತ್ತೇವೆ.
ಹೊರಗೆ ತ್ಸುಬಾಮೆಯ ಹಿಮ, ಮೊಣಕಾಲು ಮುಳುಗುವಷ್ಟು.
ಹೇಳಿದ ಮಾತು ಹಬೆಯಾಗಿ ಕಣ್ಣಿಗೇ ಕಾಣುತ್ತದೆ,
ಮೊದಲ ಚಮಚ ಅಚ್ಚಿಂದ ಬೀಳುವ ಹೊತ್ತಿಗೆ ಕರಗಿರುತ್ತದೆ.

ಇಪ್ಪತ್ತಾರು ವರ್ಷ ಹೇಳಿದ್ದೇನೆ.
ಸೇರಿದ ವರ್ಷ ಅರ್ಥ ಕೇಳಿದ್ದೆ.
ಬಾಯಿ ಅಂದರೆ ಗಿರಾಕಿ, ಎಂದರು ಮಾರಾಟದವರು.
ಬಾಯಿ ಅಂದರೆ ನಮ್ಮ ಮಕ್ಕಳು, ಎಂದರು ಸಂಘದವರು.
ಗೆನ್‌ಪೆಯ್ ಇನ್ನೂ ಬದುಕಿದ್ದರು; ಕಿವಿ ಕೇಳುತ್ತಿರಲಿಲ್ಲ.

ಈಗ ನನ್ನ ಮೇಜಿನ ಮೇಲೆ
ಸಾಮಾಜಿಕ ಹೊಣೆಗಾರಿಕೆಯ ವರದಿ. ಪುಟ ಹದಿನಾಲ್ಕು,
'ತತ್ವದಿಂದ ಆಚರಣೆಗೆ'. ಮುನ್ನೂರು ಪದ,
ಒಂದು ಫೋಟೋ, ನಗುಮುಖವಾದರೆ ಉತ್ತಮ.

ಬರೆಯುತ್ತೇನೆ: ಪಾಲಿಶ್ ವಿಭಾಗದ ಇಗರಾಶಿ ಫುಸಾಕೊ
ಲಕ್ವ ಹೊಡೆದ ಗಂಡನಿಗಾಗಿ
ಊಟದ ಬಿಡುವಿನಲ್ಲಿ, ರಿಜೆಕ್ಟ್ ಬುಟ್ಟಿಯಿಂದ ಒಂದು ಚಮಚ ಎತ್ತಿ
ಇಕ್ಕಳದಲ್ಲಿ ಅದರ ಕತ್ತು ತಿರುಚಿದಳು.
ಮೇಸ್ತ್ರಿ ನೋಡಿದ. ಬೈಯಲಿಲ್ಲ. ಅಳತೆ ತೆಗೆದುಕೊಂಡ.
ಹಾಗೆ ಹುಟ್ಟಿದವು ಕತ್ತು ಓರೆಯಾದ ನಾನೂರು ಚಮಚ,
ನಾಕಾನೊಕುಚಿ ಹೊಳೆಯಾಚೆಯ ವೃದ್ಧಾಶ್ರಮಕ್ಕೆ ಉಚಿತ.
(ಹೆಸರಲ್ಲೇ ಬಾಯಿ ಇಟ್ಟುಕೊಂಡ ಹೊಳೆ ಅದು.
ವರದಿಗೆ ಬೇಡ, ಹೊಡೆದುಹಾಕುತ್ತೇನೆ.)

ರಿಬ್ಬನ್ ಕತ್ತರಿಸಿದೆವು, ಬಾಗಿದೆವು, ಮತ್ತೆ ಬಾಗಿದೆವು.
ಆಮೇಲೆ ತೊಂಬತ್ತೊಂದರ ಹೋಮ್ಮಾ ಕಿಯೊ
ಮೊದಲ ತುತ್ತು ಗಂಜಿಯನ್ನು ಎಲ್ಲರೆದುರು ಉಗಿದಳು.
'ಹಲ್ಲಿಗೆ ಮಂಜುಗಡ್ಡೆ ಇಟ್ಟ ಹಾಗಿದೆ.
ಗುಂಡಿ ಬೇರೆ ಆಳ, ಮೇಲ್ದುಟಿ ತಳ ಮುಟ್ಟುವುದಿಲ್ಲ.
ನಲವತ್ತು ವರ್ಷ ನಾನೂ ಚಮಚ ಉಜ್ಜಿದವಳೇ.
ನಿಮ್ಮಲ್ಲಿ ಯಾರಾದರೂ ಇದನ್ನು ಬಾಯಿಗೆ ಇಟ್ಟು ನೋಡಿದ್ದೀರೇನು?'

ಇಟ್ಟಿರಲಿಲ್ಲ.
ಕೈಯ ಫೋಟೋ ಇದ್ದವು, ನಲವತ್ತು.
ಹಿಡಿಯ ದಪ್ಪ, ಬೆರಳ ನಡುಕ, ಮೂವತ್ತೆರಡು ಡಿಗ್ರಿ ಓರೆ,
ಎಲ್ಲ ಬರೆದಿಟ್ಟಿದ್ದೆವು. ಕೈಯಿಂದ ಶುರುಮಾಡಿ
ಕೈಯಲ್ಲೇ ನಿಂತಿದ್ದೆವು.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು
ಗಾದೆಯಲ್ಲ, ನಮ್ಮ ಉತ್ಪಾದನಾ ವರದಿ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಯಂತ್ರದ ಸದ್ದಿಲ್ಲ.
ಅರವತ್ತೆರಡು ಮಂದಿ ಎದುರುಬದುರು ಕೂತು
ಕಣ್ಣು ಮುಚ್ಚಿ ಒಬ್ಬರಿಗೊಬ್ಬರು ಗಂಜಿ ಉಣಿಸಿದೆವು.
ಅಧ್ಯಕ್ಷ ನಾವೊಯಾ, ಗೆನ್‌ಪೆಯ್ ಮೊಮ್ಮಗ,
ಗದ್ದದಿಂದ ಟೈ ಮೇಲೆ ಸುರಿಸಿಕೊಂಡ.
ನನಗೆ ಉಣಿಸಿದವಳು ಹೊಸದಾಗಿ ಸೇರಿದ ಹುಡುಗಿ.
ಅವಳ ಕೈ ಬರುವುದು ಕಾಣದೆ
ಬಾಯಿ ತೆರೆದು ಕಾಯುವುದು ಎಷ್ಟು ದೂರ!
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ಗುಂಡಿ ತಗ್ಗಿಸಿದೆವು, ಅಂಚು ತೆಳುವಾಯಿತು,
ತುದಿಗೆ ಅರಗಿನ ಲೇಪ, ತಣ್ಣಗೆ ಹೊಡೆಯದಂತೆ.
ಚಮಚವೊಂದಕ್ಕೆ ನಲವತ್ತಮೂರು ಯೆನ್ ಹೆಚ್ಚು.
ಲೆಕ್ಕದ ಕಾನ್ಬೆ ಕೇಳಿದರು, ಯಾವ ಖಾತೆಗೆ?
ಬೇರೆ ಕಾಲಂ ಸಿಗದೆ 'ಪ್ರಚಾರ ವೆಚ್ಚ'ಕ್ಕೆ ಬರೆದರು.
ಇನ್ನೂ ಅಲ್ಲೇ ಇದೆ.

ಫೋಟೋಗೆ ಹೋದರೆ ಕಿಯೊ ಕೈ ಅಡ್ಡ ಹಿಡಿದಳು:
'ಬಾಯಿ ತೆರೆದಾಗ ಬೇಡ. ಅದು ನನ್ನದು.'
ಚಮಚ ಹೇಗಿದೆ ಎಂದೆ.
'ಪರವಾಗಿಲ್ಲ. ಗಂಜಿಗೆ ಉಪ್ಪು ಸಾಲದು.'
ಅದೂ ನಿಮ್ಮ ಹೊಣೆ ಎಂಬಂತೆ ನನ್ನನ್ನೇ ನೋಡಿದಳು.

ಪುಟ ಹದಿನಾಲ್ಕರಲ್ಲಿ ಫೋಟೋ ಇಲ್ಲ,
ತೊಂಬತ್ತು ಪದ ಇನ್ನೂ ಬಾಕಿ.
ಇವತ್ತು ಎಂಟಕ್ಕೆ ಐದು ನಿಮಿಷ ಇರುವಾಗ
ಎಲ್ಲರೂ ಆ ಸಾಲು ಹೇಳಿದೆವು.
ಫುಸಾಕೊ ಒಬ್ಬಳು ಹೇಳಲಿಲ್ಲ.
ಹೊಸ ಅಚ್ಚಿನ ಚಮಚ
ಅವಳ ಬಾಯಲ್ಲಿತ್ತು.