ಒದ್ದೆ ಬತ್ತಿ

ಆಗಸ್ಟ್ ಮೂವತ್ತೊಂದಕ್ಕೆ ನಿಯಮ ಮುಗಿಯಿತು.
ಮಧ್ಯಾಹ್ನದ ವಿರಾಮ ಇನ್ನು ಬರುವ ಜೂನ್‌ಗೆ.
ಸೊಹಾರಿನ ಬಿಸಿಲಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ;
ಸೆಪ್ಟೆಂಬರ್ ಎರಡರಂದೂ ಅದು ಹಳೆಯ ಪಾಳಿಗೇ ಬಂತು,
ಬೆನ್ನಿಗೆ ಕಡಲ ಹಬೆಯನ್ನೂ ಹೊತ್ತುಕೊಂಡು.

ನನ್ನ ಕೆಲಸ ಅಳೆಯುವುದು.
ಮುಕ್ಕಾಲಿಯ ಮೇಲೆ ಮೂರು ಬುರುಡೆ:
ಒಂದು ಒಣಗಿದ್ದು, ಒಂದು ಕಪ್ಪು ಗೋಳ,
ಒಂದಕ್ಕೆ ಹತ್ತಿಬಟ್ಟೆಯ ಒದ್ದೆ ಬತ್ತಿ.
ಗಂಟೆಗೊಮ್ಮೆ ಬತ್ತಿಗೆ ಬಟ್ಟಿ ಇಳಿಸಿದ ನೀರು ಹಾಕಿ
ಚೌಕದೊಳಗೆ ಅಂಕಿ ತುಂಬಿಸುತ್ತೇನೆ.
ಮೂವತ್ತಮೂರು ಬಿಂದು ನಾಲ್ಕು.
ಮೂವತ್ತಮೂರು ಬಿಂದು ಒಂಬತ್ತು.
ಅಂಕಿ ಸುಳ್ಳು ಹೇಳುವುದಿಲ್ಲ. ಕೇಳದೆ ಮಾತೂ ಆಡುವುದಿಲ್ಲ.

ಕಳೆದ ವರ್ಷ ಈ ಹಾಳೆಗಳನ್ನೆಲ್ಲ ಹೊಲಿದು
ಸಮಿತಿಯ ಮೇಜಿಗೆ ಒಯ್ದಿದ್ದೆ.
ಕಂಪೆನಿಯವರು, ಇಲಾಖೆಯವರು, ಒಬ್ಬ ಡಾಕ್ಟರು.
ತಣ್ಣನೆ ಕೋಣೆ. ಖರ್ಜೂರ, ಕಹ್ವಾ.
ಒಳ್ಳೆಯವರೇ ಅವರು; ಪ್ರತಿ ಪುಟ ತಿರುವಿದರು.
'ಹೋಲಿಕೆಗೆ ಇನ್ನೊಂದು ಗುಂಪು ಬೇಕಲ್ಲ' ಎಂದರು,
'ಅದೇ ವಯಸ್ಸು, ಅದೇ ತೂಕ, ಅದೇ ಊಟ,
ಇವರು ಬಿಸಿಲಲ್ಲಿ, ಅವರು ನೆರಳಲ್ಲಿ,
ಮೂರು ಬೇಸಿಗೆ ನೋಡೋಣ.'
ನಾನೂ ತಲೆಯಾಡಿಸಿದೆ.
ಬಿಎಸ್‌ಸಿ ಓದಿದವನು; ವಾದದಲ್ಲಿ ತಪ್ಪೇ ಕಾಣಲಿಲ್ಲ.

ಪುತ್ತೂರಿನ ಕಾಲೇಜಿನಲ್ಲಿ ಬ್ಯೂರೆಟ್ಟಿನ ಕೆಳಗೆ
ಬಣ್ಣ ಗುಲಾಬಿ ದಾಟಿದರೆ
ಫ್ಲಾಸ್ಕ್ ತೊಳೆದು ಮತ್ತೆ ಶುರುಮಾಡುತ್ತಿದ್ದೆವು.
ಮಂಗಳವಾರವನ್ನು ತೊಳೆಯುವುದು ಹೇಗೆ?
ಷಫೀಕುಲನಿಗೆ ಇನ್ನೊಬ್ಬ ಷಫೀಕುಲನನ್ನು
ಎಲ್ಲಿಂದ ತರಿಸಲಿ, ಯಾವ ವೀಸಾದಲ್ಲಿ?

ಇವತ್ತು ಹನ್ನೆರಡೂ ಮುಕ್ಕಾಲಿಗೆ
ಅವನು ಸರಳು ಕಟ್ಟುವುದು ಬಿಟ್ಟು
ತನ್ನ ಕೈಗವಸನ್ನು ಯಾರದೋ ಎಂಬಂತೆ ನೋಡುತ್ತ ನಿಂತ.
ನಾನು ಗಡಿಯಾರ ನೋಡಿದೆ.
ಮುಂದಿನ ರೀಡಿಂಗಿಗೆ ಹದಿನೈದು ನಿಮಿಷ.

ಆಗ ಹಿಂದೆ ಹಿಂದೆ ಬಂತು ಕ್ಯಾಂಪಿನ ಬಸ್ಸು,
ಬೀಪ್ ಬೀಪ್ ಎನ್ನುತ್ತ, ಹಳದಿ ಟೇಪು ಹರಿದುಕೊಂಡು,
ಸಂಜೆ ಐದರವರೆಗೆ ಕದಲಬಾರದ ಬಸ್ಸು.
ಉಪ್ಪಿನಂಗಡಿಯ ಹಸನಬ್ಬ ಬಾಗಿಲು ತೆರೆದ,
ಏಸಿ ಪೂರ್ತಿ ತಿರುಗಿಸಿ ಹಾರ್ನ್ ಒತ್ತಿದ.
'ಯಾರು ಹೇಳಿದ್ದು?' ಫೋರ್‌ಮನ್ ಓಡಿಬಂದ.
'ಯಾರೂ ಹೇಳಲಿಲ್ಲ. ಅದಕ್ಕೇ ಬಂದೆ.'

ಎಂಟನೇ ಕ್ಲಾಸು ಹಸನಬ್ಬ. ಅವನ ಬಳಿ ಪುರಾವೆ ಇಲ್ಲ.
ನಲವತ್ತು ಸೀಟು, ಅರ್ಧ ಟ್ಯಾಂಕು ಡೀಸೆಲ್ಲು,
ಊರಲ್ಲಿ ಲಿಂಟಲ್ ಮಟ್ಟಕ್ಕೆ ನಿಂತ ಮನೆ.
ನಾಳೆ ಕೀಲಿ ಕಿತ್ತುಕೊಂಡಾರು.
ನಾಡಿದ್ದು ನಿಯಮ ಬದಲಾದೀತೆಂದು ನಾನು ಬರೆದುಕೊಡಲಾರೆ;
ಒಂದು ಬಸ್ಸಿನಿಂದ ಏನೂ ಸಾಬೀತಾಗುವುದಿಲ್ಲ.

ಆದರೂ ಬಾಟಲಿಯ ಮುಚ್ಚಳ ತೆಗೆದೆ.
ಬತ್ತಿಗೆಂದು ಇಟ್ಟ ನೀರನ್ನೆಲ್ಲ
ಷಫೀಕುಲನ ಕತ್ತಿನ ಮೇಲೆ ಸುರಿದೆ.
ಮುಕ್ಕಾಲಿಯ ಮೇಲೆ ಬತ್ತಿ ಒಣಗುತ್ತಿತ್ತು;
ಒದ್ದೆಯದೂ ಒಣಗಿದ್ದೂ ಒಂದೇ ಅಂಕಿಯತ್ತ ಹೊರಟಿದ್ದವು.

ಒಂದು ಗಂಟೆಯ ಚೌಕ ಖಾಲಿ ಇದೆ.
ಸಮಿತಿ ಕೇಳುತ್ತದೆ, ಕೇಳಲೇಬೇಕು.
ಷರಾ ಕಾಲಮಿನಲ್ಲಿ ಎರಡು ಸಲ ಬರೆದು ಹೊಡೆದುಹಾಕಿದೆ.
ಈಗ ಅಲ್ಲಿ ಬಸ್ಸಿನ ನಂಬರು ಇದೆ,
ಕೆಳಗೆ ನನ್ನ ಸಹಿ.