ಮೂರು ಸೆಂಟಿಮೀಟರು

ಫ್ರೀಸ್‌ಲ್ಯಾಂಡಿನ ಚಳಿಗಾಲಕ್ಕೆ ಪಾರ್ಕು ಬಾಗಿಲು ಹಾಕುತ್ತದೆ.
ಮರಗುದುರೆಗಳಿಗೆ ತಾಡಪಾಲು ಹೊದಿಸಿ
ಐಸ್‌ಕ್ರೀಮಿನ ಗೂಡಿಗೆ ಬೀಗ ಜಡಿದು
ಎಲ್ಲರೂ ಹೋದ ಮೇಲೆ ಉಳಿಯುವುದು
ಕೊಳದ ಬಾತು, ಅಡ್ಡಬೀಸುವ ಗಾಳಿ,
ಮತ್ತೆ ಟಾರ್ಚು ಹಿಡಿದ ನಾನು, ರಾತ್ರಿಯ ಕಾವಲುಗಾರ.

ಭೂತದ ರೈಲು ಇದ್ದ ಜಾಗದಲ್ಲಿ
ಈಗ ಹೊಸ ಕಟ್ಟಡ. ಕಿಟಕಿಯೇ ಇಲ್ಲ.
ಹಲಗೆ ಬೇಲಿಯ ಮೇಲೆ ಟೋಪಿ ತೊಟ್ಟ ನೀರುನಾಯಿ,
ಹೆಗಲಿಗೆ ಟಪಾಲು ಚೀಲ. ಕೆಳಗೆ ಬರೆದಿದೆ:
'ರಾತ್ರಿಯಂಚೆ. ಇಡೀ ಮನೆಮಂದಿಗೆ. ಈಸ್ಟರಿಗೆ.'
ಈಸ್ಟರಿನ ಮೇಲೆ ಮೊನ್ನೆ ಚೀಟಿ ಅಂಟಿಸಿದರು: ಜೂನ್.

ಬೆಳಿಗ್ಗೆ ನಾನಿನ್ನೂ ಬೂಟು ಬಿಚ್ಚಿರುವುದಿಲ್ಲ,
ಮೊಮ್ಮಗಳು ಫೆನ್ನಾ ವಿಚಾರಣೆಗೆ ಕೂತಿರುತ್ತಾಳೆ.
"ಒಳಗೇನಿದೆ? ಒಂದೇ ಒಂದು ಹೇಳು."
"ಕತ್ತಲೆ ಇದೆ."
"ಅದು ನಂಗೊತ್ತು. ಎಷ್ಟಿದೆ?"

ಎಷ್ಟಿದೆ!
ಭೂತದ ರೈಲಿನಲ್ಲಿ ಅಳತೆ ಇರಲಿಲ್ಲ,
ಇದ್ದಬದ್ದ ಕತ್ತಲೆಯನ್ನೆಲ್ಲ ತಂದು ಸುರಿದಿದ್ದರು.
ಒದ್ದೆ ದಾರಗಳು ಮುಖ ಸವರಿ
ಆರು ವರ್ಷದ ನಾನು ಹೊರಬಂದಾಗ ಚಡ್ಡಿಯೂ ಒದ್ದೆ;
ಅಣ್ಣ ಅದನ್ನು ನನ್ನ ಮದುವೆಯ ಊಟದಲ್ಲಿ ಹೇಳಿ
ಬೀಗರನ್ನೆಲ್ಲ ನಗಿಸಿದ.

ಇವರು ಹಾಗಲ್ಲ. ಬಟಾಣಿ ಸೂಪಿಗೆ ಉಪ್ಪು ಹಾಕುವವರ ಹಾಗೆ
ಒಂದು ಚಿಟಿಕೆ, ರುಚಿ ನೋಡಿ ಇನ್ನೊಂದು.
ಇಂಜಿನಿಯರು ರೂಲೋಫ್ ಮೊಣಕಾಲೂರಿ ತೆವಳುತ್ತಾನೆ,
ಮಗುವಿನ ಕಣ್ಣೆತ್ತರದಿಂದ ಮೂಲೆಗಳನ್ನು ನೋಡಿ
'ಇಲ್ಲೊಂದು ಮಿಣುಕು ಬೇಕು' ಅನ್ನುತ್ತಾನೆ.

ನಾನು ಕಂಡದ್ದನ್ನು ಹೇಳಲಾರೆ.
ಕಂಡದ್ದೂ ಅಷ್ಟರಲ್ಲೇ ಇದೆ ಅನ್ನಿ:
ಪ್ಲೈವುಡ್ಡಿನ ಬೆನ್ನು, ಕಣ್ಣು ಕೂರಿಸದ ಹನ್ನೊಂದು ಕಪ್ಪೆ,
ಗೋಡೆಗೊರಗಿಸಿಟ್ಟ ಚಂದ್ರ, ಅದರ ಹೊಟ್ಟೆಯಲ್ಲಿ
ಯಾರೋ ಮರೆತ ಕಾಫಿ ಲೋಟ.

ಬಾಗಿಲ ಬಳಿ ಅಳತೆಯ ಕಂಬ ಮಾತ್ರ ಆಗಲೇ ನೆಟ್ಟಾಗಿದೆ.
'ಒಂದು ಮೀಟರಿಗಿಂತ ಕುಳ್ಳಗಿರುವವರು
ದೊಡ್ಡವರ ಪಕ್ಕದಲ್ಲೇ ಕೂರತಕ್ಕದ್ದು.'
ಫೆನ್ನಾ ತೊಂಬತ್ತೇಳು.
ಊರ ಮಕ್ಕಳೆಲ್ಲ ತುದಿಗಾಲಲ್ಲಿ ದಿನ ಎಣಿಸುವಾಗ
ನಾನು ಎಣಿಸುವುದು ಬೇರೆ. ಈಸ್ಟರಾದರೆ ಚಿಂತೆಯಿರಲಿಲ್ಲ.
ಜೂನ್ ಅಂದರೆ?
ಈ ಹುಡುಗಿ ತಿನ್ನುವ ಗಿಣ್ಣು ಎಷ್ಟು, ಕುಡಿಯುವ ಮಜ್ಜಿಗೆ ಎಷ್ಟು!
ನನ್ನ ಮಗಳು ಹಿಸ್ಕೆ ತಿಂಗಳ ಮೊದಲ ದಿನ
ಅಡಿಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಗೆರೆ ಎಳೆಯುತ್ತಾಳೆ.
ಮಾರ್ಚಿ ಒಂದಕ್ಕೆ ಪೆನ್ಸಿಲು ಎಲ್ಲೂ ಸಿಗಲಿಲ್ಲ.
ನನ್ನ ಕೋಟಿನ ಜೇಬಿನಲ್ಲಿತ್ತು.

ಕಳೆದ ಮಂಗಳವಾರ ನಡುರಾತ್ರಿ, ಮೊದಲ ಸಲ
ಕೆಲಸದ ದೀಪ ಆರಿಸಿ ದೋಣಿಗಳನ್ನು ಓಡಿಸಿದರು.
ಒಂದು ದೋಣಿಗೆ ಮರಳುಚೀಲ ಸಾಲಲಿಲ್ಲ.
"ಬಾ ವೀಬ್ರೆನ್, ನೀನೇ ತೂಕಕ್ಕೆ ಕೂತುಬಿಡು,
ಎಲ್ಲರಿಗಿಂತ ಮೊದಲು ನೋಡಿದ ಹಾಗಾಯಿತು" ಎಂದ ರೂಲೋಫ್.
ಒಂದು ಕಾಲು ಒಳಗಿಟ್ಟೂ ಆಗಿತ್ತು.
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ; ಚರಚರ ಅಂದಿತು.
ಎದುರಿಗೆ ಪರದೆ, ಪರದೆಯಾಚೆ
ಯಾವುದೋ ಪುಟ್ಟ ಗಂಟೆ ಒಂದೇ ಸಲ ಬಡಿದು ಸುಮ್ಮನಾಯಿತು.

ಕಾಲು ಹಿಂದಕ್ಕೆ ತೆಗೆದುಕೊಂಡೆ.
ಸೊಂಟನೋವು ಅಂತ ಸುಳ್ಳು ಹೇಳಿ
ಗೋದಾಮಿನಿಂದ ಹಕ್ಕಿಕಾಳಿನ ಎರಡು ಮೂಟೆ ಹೊತ್ತು ತಂದು ಕೂರಿಸಿದೆ.
ಆ ಮೂಟೆಗಳು ನನ್ನ ಬದಲು ಹೋಗಿ ಬಂದವು,
ಏನನ್ನೂ ಬಾಯಿಬಿಡಲಿಲ್ಲ.

ಬೆಳಿಗ್ಗೆ ಫೆನ್ನಾ ನನ್ನ ಮುಖವನ್ನೇ ನೋಡಿದಳು.
ಇವತ್ತು ಏನೂ ಕೇಳಲಿಲ್ಲ.
ತೊಡೆ ಹತ್ತಿ ಕಿವಿಗೆ ಬಾಯಿಟ್ಟು,
"ಅಜ್ಜಾ, ನಿಂಗೆ ಹೆದರಿಕೆ ಅಲ್ವಾ?
ಯಾರಿಗೂ ಹೇಳಬೇಡ.
ಕಂಬದ ಹತ್ತಿರ ನಾನು ಮೊಣಕಾಲು ಬಗ್ಗಿಸಿ ನಿಲ್ತೀನಿ."

ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟಿದ್ದೇನೆ.
ನಾಳೆ ಗುರುವಾರ.
ಕಪ್ಪೆಗಳಿಗೆ ಕಣ್ಣು ಬರುತ್ತವಂತೆ.