ಎತ್ತರದ ಲೆಕ್ಕ

ಮೊದಲು ತೂಕದ ಮಾತು.
ಎರಡೂವರಿ ಫೂಟು ಉದ್ದ, ಒಂದು ಅಗಲ, ಒಂದೂವರಿ ಎತ್ತರ.
ಉಪ್ಪುನೀರು ತುಂಬಿದರ ನೂರು ಕಿಲೋದ ಮ್ಯಾಲ.
ಮಾಲಕರು ಹೆದರಿ ಮಾಳಗಿ ಇಳಿದು ಬಂದರು:
"ಫರಶಿ ಒಡೀತಾವಲ್ಲೋ ಭೀಮಶಾ!"
ನಾನಂದೆ, "ರೀ, ಇವನ್ನ ಹಾಸಿದಾಂವ ನಾನೇ."
ಮೂವತ್ತೊಂದು ವರ್ಷ, ಕಲಬುರಗಿಯ ಎಷ್ಟು ಮನಿ,
ಎಲ್ಲಾ ಶಹಾಬಾದದ ಕಲ್ಲು.
ಗೆಣ್ಣಿಲೆ ಒಮ್ಮೆ ಬಡಿದರ
ಪೊಳ್ಳೋ ಗಟ್ಟಿಯೋ, ಕಲ್ಲೇ ಹೇಳ್ತದ.

ಸುಗಲಾಗ ಒಂದೇ ಹಟ.
ತಂಗಿ ಮಗಳು, ನರ್ಸಿಂಗ್ ಓದ್ಲಾಕ ಬಂದಾಕಿ:
"ಮಾವ, ಬೆನ್ನ ಮ್ಯಾಲ ನಿಶಾನಿ ಹೊತ್ತ ಮೀನು ಬೇಕು.
ನಿಂತಂಗ ಕಾಣಬೇಕು, ಮಲಗಿದಂಗಲ್ಲ."
ಸಮುದ್ರ ನೋಡಿಲ್ಲ ಆಕಿ.
ನಾನೂ ನೋಡಿಲ್ಲ ಅಂತ ಆಕಿಗಿನ್ನೂ ಹೇಳಿಲ್ಲ.

ಜಿಲಾನಿಯ ಅಂಗಡಿಗೆ ಹೈದರಾಬಾದಿನ ಗಾಡಿಯಾಗ
ಗಾಳಿ ತುಂಬಿದ ಚೀಲಗಳು ಬರ್ತಾವ,
ಒಂದೊಂದರಾಗ ಒಂದೊಂದು ಹೆದರಿಕಿ.

ಮೊದಲನೇದು ಕರಿ ಮೈ, ಸುತ್ತ ಕಿತ್ತಳಿ ಅಂಚು,
ಎರಡು ಬೆರಳಿನ ದೇಹಕ್ಕ ಗೇಣುದ್ದದ ರೆಕ್ಕಿ.
"ಬ್ಯಾಟ್ ಫಿಶ್," ಅಂದ.
ಸುಗಲಾನ ಕಣ್ಣು ಅಲ್ಲೇ ಸಿಕ್ಕಿಬಿತ್ತು.
ನಾನು ಕಿಸೆದಾಗಿನ ಟೇಪು ತೆಗದೆ.
"ಇವತ್ತಿಂದು ಬ್ಯಾಡ, ಬೆಳದ ಮ್ಯಾಲಿಂದು ಹೇಳು."
ಜಿಲಾನಿ ಒರಸಿದ ಗಾಜನ್ನೇ ಮತ್ತೊಮ್ಮೆ ಒರಸಿದ.
"ಒಂದೂವರಿ ಫೂಟು, ಭಾಯ್."
"ಉದ್ದ?"
"ಎತ್ತರ."
ನಮ್ಮ ಪೆಟ್ಟಿಗಿನೂ ಒಂದೂವರಿ!
ತಲಿಗೆ ಛತ್ತು, ಹೊಟ್ಟಿಗೆ ನೆಲ.
ಕೂಸಿನ ಅಳತಿಗೆ ಬಾಗಿಲು ಕಟ್ಟಿದರ
ಅದು ಜೀವನಪೂರ್ತಿ ಬಗ್ಗಿ ನಡೀಬೇಕು.

ಎರಡನೇದಕ್ಕ ಬೆನ್ನಿಂದ ಬಿಳಿ ನೂಲು ಎಳದಂಗಿತ್ತು,
ಹರಿಯದಂಗ, ಮುಗಿಯದಂಗ.
ಅದರ ಹೆಸರು ಹೇಳಲಿಲ್ಲ ಜಿಲಾನಿ.
"ಬಂದು ನಾಕು ದಿನ, ಏನೂ ಮುಟ್ಟಿಲ್ಲ. ಇದನ್ನ ಮಾರಂಗಿಲ್ಲ ನಾ."
ವ್ಯಾಪಾರಿ ಬಾಯಾಗ ಹಂತಾ ಮಾತು ಬಂದರ
ಚೌಕಾಶಿ ಮಾಡಬಾರದು.

ಮೂರನೇದು ಫೈರ್ ಫಿಶ್.
ಬೆನ್ನಿನ ಕಡ್ಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ
ಗೋಡಿ ಆಚಿ ಯಾರಿಗೋ ಸನ್ನಿ ಮಾಡ್ಲತ್ತಿತ್ತು.
ಅಳತಿಗೆ ಸರಿ. ರೊಕ್ಕಕ್ಕೂ ಸರಿ.
"ಹಾರ್ತದ ಮಾತ್ರ. ಮುಚ್ಚಳ ಮರತ್ರಿ ಅಂದ್ರ
ಮುಂಜಾನೆ ಫರಶಿ ಮ್ಯಾಲ ಒಣಗಿರ್ತದ."
ಜಾಳಿಗಿ ಹಾಕೋಣಂತ ನಾ ಅನ್ನೂದ್ರಾಗ
ಆಕಿ ಕಡೀ ಗಾಜಿನ ಮುಂದ ಕುಂತಿದ್ಲು.

ಬೆಳ್ಳಿ ಮೈ, ಕರಿ ಪಟ್ಟಿ, ರೆಕ್ಕಿ ತುಂಬ ಬಿಳಿ ಚುಕ್ಕಿ,
ಬೀದರಿನ ಹೂಜಿ ಮ್ಯಾಲಿನ ಕೆಲಸ ತಿರುವಿ ಹಾಕಿದಂಗ.
ಬೆಳದರ ಮೂರೇ ಅಂಗುಲ.
ನಿಶಾನಿ ಮಾತ್ರ ಮೈಗಿಂತ ಎತ್ತರ ಅನಿಸಬೇಕು, ಹಂಗ.
ಈಜಲಿಲ್ಲ, ಓಡಲಿಲ್ಲ,
ಯಾರೋ ನೀರಾಗ ತೂಗುಹಾಕಿ ಮರತಂಗ ನಿಂತಿತ್ತು.
"ಬಂಗಾಯಿ. ಬಲಿ ಹಾಕಿ ಹಿಡದದ್ದಲ್ಲ, ತೊಟ್ಟಿಯಾಗೇ ಹುಟ್ಟಿದ್ದು.
ಸಮುದ್ರ ಇದೂ ನೋಡಿಲ್ಲ."
ಜೋಡಿ ಕಟ್ಟಿಸಿದ್ವಿ.

ಈಗ ಏಪ್ರಿಲ್. ಹೊರಗ ನಲವತ್ಮೂರು.
ನೀರಿನ ಮ್ಯಾಲ ಟೇಬಲ್ ಫ್ಯಾನು,
ಕರೆಂಟು ಹೋದ್ರ ಬರ್ಫಿನ ಬಾಟ್ಲಿ.
ದಿನಾ ಒಂದು ಬೆರಳು ನೀರು ಗಾಳಿಗೆ ಹೋಗ್ತದ.
ನೀರಷ್ಟೇ ಹೋಗ್ತದ, ಉಪ್ಪು ಎಲ್ಲೂ ಹೋಗಂಗಿಲ್ಲ.
ಗಾಜಿನ ಮ್ಯಾಲ ನಾ ಎಳದ ಗೆರಿ ತನಕ
ಸುಗಲಾ ಸಂಜಿಗೊಮ್ಮೆ ಸೀ ನೀರು ಹಾಕ್ತಾಳ,
ಸಲೈನ್ ಏರಿಸುವಷ್ಟು ನಿಧಾನ.

ಒಂದು ಮೀನು ಉಣ್ಣೂದು ಬಿಟ್ಟದ. ದವಡಿ ಉಬ್ಬ್ಯಾವ.
"ಅದು ಗಂಡು, ಮಾವ. ಬಾಯಾಗ ತತ್ತಿ ಇಟ್ಕೊಂಡದ," ಅಂದ್ಲು.
ನೋಟ್‌ಬುಕ್ಕಿನಾಗ ದಿನ ಬರೀತಾಳ, ರೋಗಿಯ ಚೀಟಿಯಂಗ.

ಖಣಿಯಾಗ ಕಲ್ಲು ಎಬ್ಬಿಸುವಾಗ ಒಮ್ಮೊಮ್ಮೆ
ಪದರಿನ ಮ್ಯಾಲ ಅಲಿಯ ಗುರುತು ಇರ್ತಾವ.
ಮೂಡಿ ಎಷ್ಟು ಕಾಲ ಆತೋ, ಇನ್ನೂ ಸುಕ್ಕುಸುಕ್ಕು.
ಗಿರಾಕಿ ಒಲ್ಲೆ ಅಂತಾರ, ಸಪಾಟಿಲ್ಲಂತ.
ಹಂತಾದೊಂದು ಹೊತ್ತು ತಂದಿದ್ದೆ,
ಸ್ಟ್ಯಾಂಡಿನ ನಾಕೂ ಕಾಲು ಅದರ ಮ್ಯಾಲೇ ಅದಾವ.
ಓರೆ ಕಾಲಿಗೆ ತಗಡು ಕೊಟ್ಟು ಲೆವೆಲ್ ಮಾಡೀನಿ.

"ಹದಿಮೂರನೇ ದಿನ," ಅಂದ್ಲು ಸುಗಲಾ ದೀಪ ಆರಿಸಿ,
"ಇನ್ನೂ ಬಾಯಿ ಬಿಟ್ಟಿಲ್ಲ."
ಕತ್ತಲಾಗ ಬರಿಗಾಲಿಲೆ ಆ ಕಲ್ಲು ಹುಡುಕಿ
ಅದರ ಮ್ಯಾಲ ಸ್ವಲ್ಪ ಹೊತ್ತು ನಿಂತೆ.